ಇನ್ನೊಂದು ತಾಸು

ಸ್ಟುಟ್‌ಗಾರ್ಟ್ ಮೇಲೆ ಮೋಡ ದಟ್ಟವಾಗಿ ಕವಿದಿತ್ತು. ವಿಮಾನ ಅದನ್ನು ಸೀಳಿಕೊಂಡು ಇಳಿಯುವಾಗ ಚೇತನಕುಮಾರನಿಗೆ ಕಿಟಕಿಯಲ್ಲಿ ಮೊದಲು ಬರೀ ಬೂದು ಬಣ್ಣ ಕಂಡಿತು. ಆಮೇಲೆ ಎಲೆಕೋಸಿನ ಹೊಲಗಳು ಕಂಡವು, ಹೊಲಗಳ ನಡುವೆ ಹಾದುಹೋಗುವ ಕಾಲುದಾರಿ ಕಂಡಿತು. ಆ ದಾರಿಯಲ್ಲೇ ಎಲ್ಲೋ ಒಂದು ಬೆಂಚಿನ ಪಕ್ಕ ಅವನ ಅಪ್ಪ ಮೊನ್ನೆ ಕುಸಿದು ಬಿದ್ದಿದ್ದ.

ಅದು ಅಮೆರಿಕದ ನೌಕಾಪಡೆಯ ಸಾಗಣೆ ವಿಮಾನ. ಹೊರಗಿನಿಂದ ಪ್ರಯಾಣಿಕರ ವಿಮಾನದ ಹಾಗೇ ಕಾಣುತ್ತದೆ. ಒಳಗೆ ಹೋದರೆ ಮುಂದಿನ ಅರ್ಧದಲ್ಲಿ ಸರಕು, ಹಿಂದಿನ ಅರ್ಧದಲ್ಲಿ ಸೀಟುಗಳು. ಅದನ್ನು ನಡೆಸುತ್ತಿದ್ದದ್ದು ಮೀಸಲು ಪಡೆಯ ಒಂದು ಸ್ಕ್ವಾಡ್ರನ್. ಅದರಲ್ಲಿದ್ದ ಬಹುಪಾಲು ಜನಕ್ಕೆ ಊರಲ್ಲಿ ಬೇರೆ ಬದುಕಿತ್ತು. ವಿಮಾನದ ಕಮಾಂಡರ್ ಹ್ಯಾಲೊರನ್ ಎಂಬ ಹೆಂಗಸು ಉಳಿದ ದಿನಗಳಲ್ಲಿ ಒಂದು ಏರ್‌ಲೈನ್ಸ್‌ನ ಪೈಲಟ್. ಚೇತನ ಟೆಕ್ಸಾಸ್‌ನ ಒಂದು ಕಾರ್ಗೊ ಗೋದಾಮಿನಲ್ಲಿ ಸೂಪರ್‌ವೈಸರ್. ತಿಂಗಳಿಗೊಂದು ವಾರಾಂತ್ಯ, ವರ್ಷದಲ್ಲಿ ಕೆಲವು ವಾರ ಅವರೆಲ್ಲ ಸಮವಸ್ತ್ರ ತೊಡುತ್ತಿದ್ದರು. ಸರದಿ ಬಂದಾಗ ಸಿಸಿಲಿಯಲ್ಲಿ ಬೀಡುಬಿಟ್ಟು, ಮೆಡಿಟರೇನಿಯನ್ ಸಮುದ್ರದಲ್ಲಿರುವ ಹಡಗುಗಳಿಗೆ ಬೇಕಾದ್ದನ್ನು ಹತ್ತಿರದ ದಂಡೆಗೆ ಮುಟ್ಟಿಸುತ್ತಿದ್ದರು. ಬಿಡಿಭಾಗ, ಟಪಾಲು, ಔಷಧ, ಬದಲಿ ಸಿಬ್ಬಂದಿ. ಹಾಗೇ ಅಲ್ಲಿಂದ ರಜೆಗೆ ಹೊರಟವರನ್ನು, ಕಾಯಿಲೆ ಬಿದ್ದವರನ್ನು ಕರೆತರುತ್ತಿದ್ದರು. ಬಂದೂಕು ಹಿಡಿಯುವ ಕೆಲಸವಲ್ಲ, ಹೊರುವ ಕೆಲಸ. ಚೇತನ ಲೋಡ್‌ಮಾಸ್ಟರ್. ಸರಕನ್ನು ತೂಕ ನೋಡಿ ಜೋಡಿಸಿ, ಬಿಗಿದು, ಇಳಿಸುವ ತನಕ ಅದರ ಜವಾಬ್ದಾರಿ ಅವನದು. ಅವನಿಲ್ಲದೆ ವಿಮಾನ ಹಾರುವ ಹಾಗಿರಲಿಲ್ಲ. ಇನ್ನೊಬ್ಬ ಲೋಡ್‌ಮಾಸ್ಟರ್ ಜ್ವರ ಬಂದು ಸಿಸಿಲಿಯಲ್ಲೇ ಮಲಗಿದ್ದ.

ವಿಮಾನ ರನ್‌ವೇಯ ಆಚೆ ಬದಿ, ಅಮೆರಿಕನ್ ಸೇನೆಗೆ ಬಿಟ್ಟುಕೊಟ್ಟ ಜಾಗದಲ್ಲಿ ಹೋಗಿ ನಿಂತಿತು. ಹ್ಯಾಲೊರನ್ ಕಾಕ್‌ಪಿಟ್‌ನಿಂದ ಹೊರಗೆ ಬಂದು ಹೇಳಿದರು: "ಇಲ್ಲಿಂದ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಒಂದು ಪಂಪು ಒಯ್ಯಬೇಕು. ಅದು ಇನ್ನೂ ಲಾರಿಯಲ್ಲಿ ದಾರಿಯಲ್ಲಿದೆ. ಇಳಿಸುವುದನ್ನು ನಾವು ನೋಡಿಕೊಳ್ತೇವೆ. ನೀನು ನಿನ್ನಪ್ಪನನ್ನು ನೋಡಿಕೊಂಡು ಬಾ. ಫೋನ್ ಆನ್ ಇಟ್ಟಿರು."

ಗೇಟಿನ ಹೊರಗೆ ದಿಲೀಪ್ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ದಿಲೀಪ್ ಚೇತನನ ಅಕ್ಕ ಪವಿಯ ಗಂಡ. ಗದಗಿನ ಕಡೆಯವನು, ಕಾರಿನ ಬ್ರೇಕು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಹೆಚ್ಚು ಮಾತಿನವನಲ್ಲ.

"ಅಪ್ಪ ಹೆಂಗದಾನ, ಮಾವ?" ಚೇತನ ಬೆಲ್ಟ್ ಹಾಕಿಕೊಳ್ಳುತ್ತ ಕೇಳಿದ.

"ನಿನ್ನೆಕಿಂತ ಚೊಲೊ ಅಂತಾರ. ಬಲಗೈ, ಬಲಗಾಲು ಎತ್ತಾಕ ಆಗವೊಲ್ದು. ಮಾತು ತೊದಲ್ತಾವ, ಆದ್ರ ಗುರ್ತು ಹಿಡೀತಾರ. ಮೆದುಳಿನ್ಯಾಗ ರಕ್ತ ಹರದೈತಿ. ಇವತ್ತ್ ಸಂಜಿಮಟ ನೋಡೂಣು ಅಂದಾರ ಡಾಕ್ಟರು."

"ಹೊಲದಾಗ ಒಬ್ಬನ ಏನ್ ಮಾಡಾಕತ್ತಿದ್ದ?"

ಸಿಗ್ನಲ್ ಹಸಿರಾಯಿತು, ದಿಲೀಪ್ ಕಾರು ಮುಂದೆ ಬಿಟ್ಟ. "ಪವಿ ನಿನಗ ಹೇಳಿಲ್ಲೇನು? ದಿನಾ ಹೋಗ್ತಿದ್ರು. ನಿನ್ನ ವಿಮಾನ ಇಲ್ಲೇ ಇಳೀತೈತಿ ಅಂತ ನಮ್ಮ ಸಿಂಚನಾ ಹೇಳ್ಯಾಳ. ಅವತ್ತಿಂದ ನಾಷ್ಟಾ ಆತಂದ್ರ ಟೊಪ್ಪಿಗಿ ಹಾಕ್ಕೊಂಡು ಹೊಂಟ್ಬಿಡಾವ್ರು. ಬೇಲಿ ಹಂತೇಕ ಬೆಂಚ್ ಐತಿ, ಅಲ್ಲಿ ಕೂಡಾವ್ರು. ನಾಯಿ ಹಿಡ್ಕೊಂಡು ಅಡ್ಡಾಡಾಕ ಬಂದಿದ್ದ ಒಬ್ಬಾಕಿ ಇವ್ರು ಬಿದ್ದಿದ್ ನೋಡಿ ಫೋನ್ ಮಾಡ್ಯಾಳ. ಪುಣ್ಯಾತ್ಗಿತ್ತಿ."

ಚೇತನ ಕಿಟಕಿಯಾಚೆ ನೋಡುತ್ತಿದ್ದ.

"ಹೋದ ವಾರ ಒಂದಿನ ಬಂದು, 'ಚೇತ್ಯಾನ ವಿಮಾನ ನೋಡಿ ಬಂದೆ, ಮೈಮ್ಯಾಲೆ ನೇವಿ ಅಂತ ಬರದಿತ್ತು' ಅಂದ್ರು. ಚೇತನ ಬಂದಿದ್ರ ಫೋನ್ ಮಾಡ್ತಿದ್ದ ಬಿಡ್ರಿ ಅಂತ ನಾವು ನಕ್ಕಿವಿ."

ಹೋದ ವಾರ ಚೇತನನ ವಿಮಾನ ಇಲ್ಲಿ ಇಳಿದಿತ್ತು. ಮಧ್ಯಾಹ್ನವೆಲ್ಲ ಇಲ್ಲೇ ನಿಂತಿತ್ತು. ಅಕ್ಕನಿಗೆ ಹೇಳಿದರೆ ಅಪ್ಪನನ್ನು ಕರೆದುಕೊಂಡು ಗೇಟಿಗೆ ಬರುತ್ತಾಳೆಂದು ಅವನು ಯಾರಿಗೂ ತಿಳಿಸದೆ, ಕ್ಯಾಂಟೀನಿನಲ್ಲಿ ಬರ್ಗರ್ ತಿಂದು, ಹಾಗೇ ಹಾರಿಹೋಗಿದ್ದ. ಅದನ್ನು ಮಾವನಿಗೆ ಹೇಳಲು ಬಾಯಿ ಬರಲಿಲ್ಲ.

ಅವನ ಅಪ್ಪ ಚನ್ನಮಲ್ಲಪ್ಪ ಜಮಖಂಡಿಯ ಲಾರಿ ಡ್ರೈವರ್. ಬೆಲ್ಲ, ಸಕ್ಕರೆ, ಕೆಲವೊಮ್ಮೆ ಇಳಕಲ್ಲಿನ ಕಲ್ಲು ಹೇರಿಕೊಂಡು ಹೊರಟನೆಂದರೆ ನಾಗಪುರ, ಇಂದೋರು, ಕಲಕತ್ತೆ. ಮನೆಯಲ್ಲಿ ಇದ್ದುದಕ್ಕಿಂತ ದಾರಿಯಲ್ಲಿ ಇದ್ದದ್ದೇ ಹೆಚ್ಚು. ಚೇತನ ಆರನೇ ಇಯತ್ತೆಯಲ್ಲಿದ್ದಾಗ ಅವ್ವ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ನಾಗಪುರದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಸುದ್ದಿ ಹೋಗಿತ್ತು. ಅಪ್ಪನಿಗೆ ಸುದ್ದಿ ಮುಟ್ಟಿತ್ತು. ಆದರೂ ಅವನು ಬೆಲ್ಲ ಇಳಿಸಿಯೇ ಹೊರಟಿದ್ದ. ಮನೆ ಮುಂದೆ ಲಾರಿ ಬಂದು ನಿಂತಾಗ ಅವ್ವನನ್ನು ಮಣ್ಣು ಮಾಡಿ ಆಗಿತ್ತು. ಅಪ್ಪ ಇಳಿದವನೇ ಕಟ್ಟೆಯ ಮೇಲೆ ಕೂತು ಕುಡಿಯಲು ನೀರು ಕೇಳಿದ. ಪವಿ ತಂದುಕೊಟ್ಟಳು. ಚೇತನ ಎದ್ದು ಹಿತ್ತಲಿಗೆ ಹೋದ.

ಅವತ್ತಿನಿಂದ ಅಪ್ಪ ಮಗನ ನಡುವೆ ಬೇಕಾದಷ್ಟೇ ಮಾತು. ಹಾಸ್ಟೆಲ್ಲು, ಕಾಲೇಜು, ಆಮೇಲೆ ಟೆಕ್ಸಾಸ್. ಅಲ್ಲಿ ಗ್ರೀನ್ ಕಾರ್ಡ್ ಬಂದ ವರ್ಷವೇ ಚೇತನ ಮೀಸಲು ಪಡೆಗೆ ಸೇರಿದ. ಹಬ್ಬಕ್ಕೆ ಫೋನ್ ಮಾಡಿದರೆ, ಆರಾಮ ಅದೀಯಾ, ಆರಾಮ ಅದೀನಿ, ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಪವಿ ಹಟ ಹಿಡಿದು ಅಪ್ಪನನ್ನು ಮೂರು ತಿಂಗಳ ವೀಸಾದ ಮೇಲೆ ಸ್ಟುಟ್‌ಗಾರ್ಟಿಗೆ ಕರೆಸಿಕೊಂಡಿದ್ದಳು. ತಮ್ಮನ ಸರದಿಯೂ ಅದೇ ಹೊತ್ತಿಗೆ ಸಿಸಿಲಿಯಲ್ಲಿ ಬರುತ್ತದೆಂದು ತಿಳಿದೇ ಕರೆಸಿದ್ದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಂಚನಾ ಮೊಬೈಲ್ ಹಿಡಿದು ಕುರ್ಚಿಯ ಮೇಲೆ ಮುದುಡಿಕೊಂಡಿದ್ದಳು. ಅಕ್ಕನ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಮಾಮನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, "ಅಜ್ಜ ಶ್ಲೇಫ್ಟ್," ಎಂದು ಪಿಸುಗುಟ್ಟಿದಳು. ಅಜ್ಜ ಮಲಗಿದ್ದಾನೆ. ಅವಳ ಕಣ್ಣು ಅತ್ತು ಊದಿದ್ದವು. ವಿಮಾನದ ಸುದ್ದಿ ಹೇಳಿದ್ದು ತಾನೇ ಎಂಬುದು ಹುಡುಗಿಯ ಮನಸ್ಸಿಗೆ ಹತ್ತಿಬಿಟ್ಟಿತ್ತೆಂದು ಆಮೇಲೆ ಪವಿ ಹೇಳಿದಳು.

ಅಪ್ಪ ಮಲಗಿರಲಿಲ್ಲ. ಬಾಗಿಲ ಸಪ್ಪಳಕ್ಕೆ ಕಣ್ಣು ತೆರೆದ. ಮುಖದ ಬಲಗಡೆ ಜೋತುಬಿದ್ದಿತ್ತು. ಯಾರೋ ಮೀಸೆ ಬೋಳಿಸಿದ್ದರು. ಮೀಸೆಯಿಲ್ಲದ ಅಪ್ಪನನ್ನು ಚೇತನ ಜನ್ಮದಲ್ಲಿ ನೋಡಿರಲಿಲ್ಲ.

"ಬಂದ್ಯಾ."

"ಬಂದೆ ಅಪ್ಪಾ."

ಪವಿ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟಳು. ತಮ್ಮನ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಕಿಟಕಿಯ ಹತ್ತಿರ ಹೋಗಿ ನಿಂತಳು. ಅಪ್ಪ ಮಗನ ಸಮವಸ್ತ್ರವನ್ನು, ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು, ಎಣ್ಣೆಕಲೆ ಹಿಡಿದ ತೋಳನ್ನು ನಿಧಾನವಾಗಿ ನೋಡಿದ.

"ಗಾಡಿ ಎಲ್ಲಿ?" ಅಪ್ಪನಿಗೆ ಚಕ್ರವಿದ್ದದ್ದೆಲ್ಲ ಗಾಡಿ.

"ಏರ್‌ಪೋರ್ಟ್‌ನ್ಯಾಗ ನಿಂತೈತಿ."

"ಲೋಡ್ ಏನು?"

"ಒಂದು ಪಂಪು. ಹಡಗಿಂದು. ಸಮುದ್ರದ ನೀರು ಸಿಹಿ ಮಾಡೂ ಮಷೀನ್ ಇರ್ತೈತಲ್ಲ, ಅದರದು. ಅಲ್ಲಿ ಪಂಪ್ ಕೆಟ್ಟು ನೀರಿಗೆ ತ್ರಾಸ ಆಗೈತಿ."

"ಮಂದಿ ಎಷ್ಟದಾರ?"

"ಮುನ್ನೂರು ಮಂದಿ ಇರಬೇಕು."

ಅಪ್ಪ ಅದನ್ನು ಯೋಚಿಸಿದ. "ಹಗ್ಗ ಬಿಗೀತೀರೇನು?"

"ಹಗ್ಗ ಇಲ್ಲಪ್ಪಾ. ತಗಡಿನ ಹಲಗಿ ಮ್ಯಾಲ ಇಡ್ತೀವಿ, ಬಲಿ ಹಾಕ್ತೀವಿ, ಪಟ್ಟಿ ಹಾಕಿ ಎಳೀತೀವಿ. ಆಮ್ಯಾಲ ಹಲಗೀನ ನೆಲಕ್ಕ ಲಾಕ್ ಮಾಡ್ತೀವಿ."

"ಬಲಿ." ಅಪ್ಪನ ಬಾಯಿಯ ಒಂದು ಬದಿ ಮೇಲೆದ್ದಿತು. "ಮೀನ ಹಿಡ್ದಂಗ."

ಕಿಟಕಿಯ ಹತ್ತಿರ ಪವಿ ಫಕ್ಕನೆ ನಕ್ಕು, ಆ ನಗೆಯ ಮಧ್ಯದಲ್ಲೇ ಅತ್ತಳು. ಚೇತನನಿಗೂ ನಗು ಬಂತು. ತೂಕ ಹಿಂದೆ ಹೆಚ್ಚಾದರೆ ಏನಾಗುತ್ತದೆಂದು ಅಪ್ಪ ಕೇಳಿದ. ಮೂತಿ ಮೇಲೇಳುತ್ತದೆ ಎಂದು ಚೇತನ ಹೇಳಿದ. ಲಾರಿಗೂ ಹಂಗ ಎಂದು ಅಪ್ಪ ತೊದಲಿದ. ಘಾಟಿಯಲ್ಲಿ ಒಮ್ಮೆ ತನ್ನ ಲಾರಿಯ ಮುಂದಿನ ಗಾಲಿ ನೆಲ ಬಿಟ್ಟು ಎದ್ದ ಕಥೆಯನ್ನು ಅರ್ಧ ಹೇಳಿ ದಣಿದ. ಒಂದೊಂದು ಶಬ್ದಕ್ಕೂ ಅವನ ಹಣೆಯಲ್ಲಿ ಬೆವರು ಬರುತ್ತಿತ್ತು. ಪವಿ ಹತ್ತಿ ಅದ್ದಿ ತುಟಿ ಒರೆಸಿದಳು. ತಾವಿಬ್ಬರೂ ಇಷ್ಟು ಮಾತಾಡಿದ್ದು ಯಾವ ಕಾಲದಲ್ಲಿ ಎಂದು ಚೇತನ ನೆನಪಿಸಿಕೊಳ್ಳಲು ನೋಡಿದ. ಯಾವ ಕಾಲದಲ್ಲೂ ಇಲ್ಲ.

ಆಗ ಫೋನ್ ಬಂತು. ಚೇತನ ಕಾರಿಡಾರಿಗೆ ಹೋಗಿ ಎತ್ತಿಕೊಂಡ.

"ಪಂಪು ಬಂದಿದೆ," ಎಂದರು ಹ್ಯಾಲೊರನ್. "ನೀನು ಬಂದು ಬಿಗಿದರೆ ಹೊರಡಬಹುದು. ಕ್ರೀಟ್‌ನಿಂದ ಎಂಟು ಜನರನ್ನು ಹತ್ತಿಸಿಕೊಂಡು ಇವತ್ತೇ ಜರ್ಮನಿಗೆ ವಾಪಸ್ ಬಿಡಬೇಕು."

"ಕಮಾಂಡರ್, ಇನ್ನೊಂದು ತಾಸು ಸಿಗಬಹುದಾ?"

ಹ್ಯಾಲೊರನ್ ಕೇಳಿದರು: "ಅಪ್ಪ ಹೇಗಿದ್ದಾರೆ?"

"ಮಾತಾಡ್ತಿದ್ದಾರೆ."

"ಒಂದು ತಾಸು. ಅದಕ್ಕಿಂತ ಹೆಚ್ಚಾದರೆ ನಮ್ಮ ಡ್ಯೂಟಿಯ ಅವಧಿ ಮೀರುತ್ತದೆ. ರಾತ್ರಿ ಈ ರನ್‌ವೇನೂ ಮುಚ್ಚುತ್ತಾರೆ. ಆಮೇಲೆ ಬೆಳಗಿನ ತನಕ ಕೂರಬೇಕಾಗುತ್ತದೆ."

ಅವನು ಒಳಗೆ ಬಂದಾಗ ಅಪ್ಪ ಕಣ್ಣು ಮುಚ್ಚಿದ್ದ. ಎಡಗೈ ಹಾಸಿಗೆಯ ಮೇಲೆ ತಡಕಾಡುತ್ತಿತ್ತು. ಚೇತನ ಕೈ ಮುಂದೆ ಮಾಡಿದ. ಅಪ್ಪ ಅವನ ಎರಡು ಬೆರಳು ಹಿಡಿದುಕೊಂಡು ನಿದ್ದೆಹೋದ. ತಾಸು ಕಳೆಯುತ್ತ ಬಂತು. ಬೆರಳು ಬಿಡಿಸಿಕೊಳ್ಳಲು ನೋಡಿದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು.

"ಹೋಗಬ್ಯಾಡೋ ಚೇತು," ಪವಿ ಮೆಲ್ಲಗೆ ಅಂದಳು. "ಒಂದ್ ಪಂಪ್ ಅಲ್ಲೇನು. ನಾಳಿ ಮುಟ್ಟಿದ್ರ ಸಮುದ್ರ ಏನ್ ಬತ್ತಂಗಿಲ್ಲ. ಡಾಕ್ಟರು ಸಂಜಿಮಟ ಅಂದಾರ. ಏನರ ಹೆಚ್ಚುಕಮ್ಮಿ ಆದ್ರ ನಾ ಒಬ್ಬಾಕಿ ಹೆಂಗ ತಡೀಲಿ?"

ಚೇತನ ಇನ್ನೊಂದು ಕೈಯಿಂದ ಫೋನ್ ಮಾಡಿದ. ಹ್ಯಾಲೊರನ್ ಕೇಳಿಸಿಕೊಂಡರು, ಬೈಯಲಿಲ್ಲ. "ಸರಿ. ಬೆಳಕು ಹರಿಯುತ್ತಲೇ ಹೊರಡೋಣ. ಮೇಲಿನವರಿಗೆ ಏನು ಹೇಳಬೇಕೋ ನಾನು ಹೇಳ್ತೇನೆ," ಎಂದಷ್ಟೇ ಹೇಳಿ ಇಟ್ಟರು.

ಸಂಜೆ ಡಾಕ್ಟರು ಬಂದು ಸ್ಕ್ಯಾನ್ ನೋಡಿ, ರಕ್ತಸ್ರಾವ ನಿಂತಿದೆ, ಸದ್ಯಕ್ಕೆ ಅಪಾಯವಿಲ್ಲ ಎಂದರು. ಪವಿ ಅವರ ಕೈ ಹಿಡಿದು ಜರ್ಮನ್, ಇಂಗ್ಲಿಷ್ ಎರಡರಲ್ಲೂ ಥ್ಯಾಂಕ್ಸ್ ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಸರಿಯಾದ ಕಡೆ ಕೂತಿದ್ದೇನೆ ಎಂದು ಚೇತನನಿಗೆ ಅನಿಸಿತು.

ಬೆಳಗ್ಗೆ ಹೊರಡುವಾಗ ಅಪ್ಪ ಎಚ್ಚರವಾಗಿದ್ದ. ಮಗನನ್ನು ನೋಡಿ ಅವನ ಹುಬ್ಬು ಗಂಟಿಕ್ಕಿತು.

"ಇನ್ನೂ ಇಲ್ಲೇ ಅದೀಯಾ? ಗಾಡಿ?"

"ನಿಂತೈತಿ ಅಪ್ಪಾ. ಈಗ ಹೊಂಟೆ."

"ರಾತ್ರೆಲ್ಲಾ ನಿಂದ್ರಸಿದ್ಯಾ?" ಅಪ್ಪನ ಧ್ವನಿಯಲ್ಲಿ ಸಿಟ್ಟಿತ್ತು. ಅಂಥ ಸಿಟ್ಟು ಬರುವಷ್ಟು ಚೇತರಿಸಿಕೊಂಡನಲ್ಲ ಎಂದು ಚೇತನ ಖುಷಿಯಲ್ಲೇ ಹೊರಬಿದ್ದ.

ಕ್ರೀಟ್‌ನಲ್ಲಿ ಬಿಸಿಲು ರಾಚುತ್ತಿತ್ತು. ಪಂಪು ಇಳಿಯಿತು. ಹೆಲಿಕಾಪ್ಟರಿನವರು ಅದನ್ನು ಹಡಗಿಗೆ ಒಯ್ದರು. ಎಂಟು ಜನ ಹತ್ತಿದರು. ಏಳು ಜನ ರಜೆಗೆ ಹೊರಟವರು, ಹಿಂದಿನ ಸೀಟುಗಳಲ್ಲಿ ಗದ್ದಲ ಮಾಡುತ್ತಿದ್ದರು. ಎಂಟನೆಯವಳು ಇಪ್ಪತ್ತು ದಾಟಿದ ಹುಡುಗಿ. ಸಾಲಿನ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಎದೆಯ ಮೇಲೆ ಕೀಟಿಂಗ್ ಎಂದು ಬರೆದಿತ್ತು. ಚೇತನ ಕಾಫಿ ಕೊಟ್ಟಾಗ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡಳು.

"ಜರ್ಮನಿಯಿಂದ ಇವತ್ತು ಅಮೆರಿಕಕ್ಕೆ ವಿಮಾನ ಸಿಗಬಹುದಾ?" ಎಂದು ಕೇಳಿದಳು. ಅವಳ ತಾಯಿ ಒಹಾಯೊದಲ್ಲಿ ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದಳು. ಬೇಗ ಬರಬೇಕೆಂದು ಹಡಗಿಗೆ ಸಂದೇಶ ಬಂದಿತ್ತು. ಗ್ರೀಸಿನಲ್ಲಿ ಆ ವಾರ ವಿಮಾನ ನಿಲ್ದಾಣದವರ ಮುಷ್ಕರ. ಬೇರೆ ದಾರಿ ಇರಲಿಲ್ಲ. "ನಿನ್ನೆ ಸಂಜೆಯೇ ನಿಮ್ಮ ವಿಮಾನ ಬರುತ್ತೆ ಅಂದಿದ್ರು. ರನ್‌ವೇ ಹತ್ತಿರಾನೇ ಬ್ಯಾಗ್ ಇಟ್ಕೊಂಡು ಕೂತಿದ್ದೆ," ಎಂದಳು. ದೂರುವ ಧ್ವನಿಯೇನಲ್ಲ, ಸುಮ್ಮನೆ ಹೇಳಿದ್ದು.

ಚೇತನ ಅವಳ ಲೋಟ ತೆಗೆದುಕೊಂಡು ಮುಂದಕ್ಕೆ ಹೋದ. ಖಾಲಿ ನೆಲದ ಮೇಲೆ ಬಲೆಗಳನ್ನು ಮಡಚುತ್ತ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತ ಕೂತ.

ಸ್ಟುಟ್‌ಗಾರ್ಟ್ ಮುಟ್ಟುವಾಗ ಅವತ್ತಿನ ವಿಮಾನಗಳೆಲ್ಲ ಕೈತಪ್ಪಿದ್ದವು. ಮರುದಿನ ಬೆಳಿಗ್ಗೆ ಫ್ರಾಂಕ್‌ಫರ್ಟ್‌ನಿಂದ ಅವಳಿಗೆ ಸೀಟು ಸಿಕ್ಕಿತು. ವಿಮಾನದ ಸಿಬ್ಬಂದಿಗೂ ಅವಳಿಗೂ ರಾತ್ರಿ ಉಳಿಯಲು ಸೇನೆಯ ಒಂದೇ ಅತಿಥಿಗೃಹದಲ್ಲಿ ಜಾಗ. ಚೇತನ ರೂಮಿಗೆ ಹೋದಾಗ ಅಕ್ಕ ಫೋನ್ ಮಾಡಿ, ಅಪ್ಪ ಎರಡು ಚಮಚ ರವೆಗಂಜಿ ಕುಡಿದ, ಮೀಸೆ ಯಾರು ಬೋಳಿಸಿದ್ದು ಅಂತ ನರ್ಸಿನ ಮೇಲೆ ಕನ್ನಡದಲ್ಲೇ ಜಗಳಕ್ಕೆ ಬಿದ್ದಿದ್ದಾನೆ ಎಂದಳು. ಅವನು ನಕ್ಕ. ಹುಡುಗಿಗೆ ನಾಳೆ ಸೀಟು ಸಿಕ್ಕಿದೆಯಲ್ಲ, ಮುಟ್ಟುತ್ತಾಳೆ ಎಂದುಕೊಂಡು ಮಲಗಿದ.

ಬೆಳಿಗ್ಗೆ ಅವನು ಕೆಳಗಿಳಿದು ಬಂದಾಗ ಕೀಟಿಂಗ್ ಬಾಗಿಲ ಬಳಿ ತನ್ನ ಉದ್ದ ಬ್ಯಾಗಿನ ಮೇಲೆ ಕೂತಿದ್ದಳು. ಫ್ರಾಂಕ್‌ಫರ್ಟ್‌ಗೆ ಹೋಗುವ ವ್ಯಾನು ಇನ್ನೂ ಬಂದಿರಲಿಲ್ಲ. ಅವಳು ತಲೆ ಎತ್ತಿದಾಗ ಏನಾಗಿದೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಪ್ಪ ಫೋನ್ ಮಾಡಿದ್ರು," ಎಂದಳು. "ಆಗಲೇ... ಅಲ್ಲಿ ಸಂಜೆ. ಅಮ್ಮ ನನ್ನನ್ನ ಕೇಳ್ತಾನೇ ಇದ್ರಂತೆ."

ಚೇತನ ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಮೊನ್ನೆ ವಿಮಾನ ಹೊರಟಿದ್ದರೆ ನಿನ್ನೆ ಬೆಳಿಗ್ಗೆ ಅವಳು ಫ್ರಾಂಕ್‌ಫರ್ಟ್‌ನಲ್ಲಿ ಇರುತ್ತಿದ್ದಳು. ನಿನ್ನೆ ಅಲ್ಲಿನ ಮಧ್ಯಾಹ್ನಕ್ಕೆಲ್ಲ ತಾಯಿಯ ಹಾಸಿಗೆಯ ಪಕ್ಕ ಇರುತ್ತಿದ್ದಳು. ಲೆಕ್ಕ ತಪ್ಪಿರಬಹುದೇ ಎಂದು ಅವನು ಎರಡೆರಡು ಸಲ ಹಾಕಿ ನೋಡಿದ. ತಪ್ಪಿರಲಿಲ್ಲ. ಹೇಳಬೇಕು ಎನಿಸಿತು. ಹೇಳಿದರೆ ತನ್ನ ಎದೆ ಹಗುರಾಗುತ್ತದೆ, ಆ ಭಾರವೂ ಇವಳ ಮೇಲೆಯೇ ಬೀಳುತ್ತದೆ. ಅವನು ಹೇಳಲಿಲ್ಲ.

ವ್ಯಾನು ಬಂತು. ಬ್ಯಾಗನ್ನು ಅವನೇ ಎತ್ತಿ ಒಳಗಿಟ್ಟ. ಹುಡುಗಿ ಹತ್ತುವ ಮೊದಲು ತಿರುಗಿ ಅವನ ತೋಳು ಮುಟ್ಟಿದಳು.

"ಥ್ಯಾಂಕ್ಸ್. ನೀವು ಬರದೇ ಇದ್ದಿದ್ರೆ ನಾನಿನ್ನೂ ಅಲ್ಲೇ ಕೂತಿರ್ತಿದ್ದೆ."

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಅವನು ಅಲ್ಲೇ ನಿಂತಿದ್ದ. ಹ್ಯಾಲೊರನ್ ಕಾಫಿ ಹಿಡಿದು ಹೊರಗೆ ಬಂದರು. ಅವರಿಗೂ ಸುದ್ದಿ ಗೊತ್ತಾಗಿತ್ತು. "ನಿರ್ಧಾರ ನನ್ನದು, ನಿನ್ನದಲ್ಲ," ಎಂದರು. "ಹೋಗಿ ಅಪ್ಪನನ್ನು ನೋಡಿ ಬಾ. ಸಿಸಿಲಿಗೆ ಮಧ್ಯಾಹ್ನ ಹೊರಡೋಣ," ಎಂದರು.

ಆಸ್ಪತ್ರೆಯಲ್ಲಿ ಅಪ್ಪನಿಗೆ ದಿಂಬು ಒರಗಿಸಿ ಕೂರಿಸಿದ್ದರು. ಪವಿ ಮನೆಗೆ ಸ್ನಾನಕ್ಕೆ ಹೋಗಿದ್ದಳು. ಮಗ ಕೂರುವ ಮೊದಲೇ ಅಪ್ಪ ಕೇಳಿದ:

"ಲೋಡ್ ಮುಟ್ತೇನು?"

"ಮುಟ್ತಪ್ಪಾ. ಒಂದಿನ ತಡ ಆತು."

"ಯಾರಿಗರ ತ್ರಾಸಾತೇನು?"

ಇಲ್ಲ ಎನ್ನಬಹುದಿತ್ತು. ಲಕ್ವ ಹೊಡೆದು ಮಲಗಿದವನಿ‌ಗೆ ಇಂಥದನ್ನು ಹೇಳುವುದಲ್ಲ ಎಂದು ಚೇತನನಿಗೂ ಗೊತ್ತಿತ್ತು. ಆದರೆ ಈ ಮಾತು ಅರ್ಥವಾಗುವವನು ಈ ಊರಲ್ಲಿ ಇವನೊಬ್ಬನೇ. ಅವನು ಹುಡುಗಿಯ ಸುದ್ದಿ ಹೇಳಿದ. ರನ್‌ವೇ ಹತ್ತಿರ ಬ್ಯಾಗಿಟ್ಟುಕೊಂಡು ಕಾದದ್ದು, ಬೆಳಿಗ್ಗೆ ಬಂದ ಫೋನು, ಥ್ಯಾಂಕ್ಸ್ ಅಂದದ್ದು. ಹೇಳುತ್ತ ಹೇಳುತ್ತ ಅವನ ಧ್ವನಿ ಒಡೆಯಿತು. ಅವ್ವ ಸತ್ತಾಗಲೂ ಅಪ್ಪನ ಎದುರಿಗೆ ಅಳದವನು ಹಾಸಿಗೆಯ ಅಂಚಿಗೆ ಹಣೆಯಿಟ್ಟು ಅತ್ತ.

ಅಪ್ಪನ ಎಡಗೈ ಅವನ ತಲೆಯ ಮೇಲೆ ಬಂತು. ಭಾರವಾದ, ಒರಟು ಕೈ. ಬಹಳ ಹೊತ್ತು ಅಲ್ಲೇ ಇತ್ತು.

"ಆಕಿ ಹೆಸರೇನು?"

"ಕೀಟಿಂಗ್. ಅದು ಅಡ್ಡೆಸರು. ಆಕಿ ಹೆಸರು ಕೇಳ್ಲಿಲ್ಲ ಅಪ್ಪಾ."

"ಕೇಳಬೇಕಿತ್ತು," ಅಪ್ಪ ಅಂದ. ಗೋಡೆಯ ಕಡೆ ನೋಡುತ್ತ ಉಸಿರು ಎಳೆದುಕೊಂಡ. "ನಾಗಪುರದಾಗ..." ಎಂದು ಶುರುಮಾಡಿದ. ನಾಲಿಗೆ ಹೊರಳಲಿಲ್ಲ. ಇನ್ನೊಮ್ಮೆ "ನಿಮ್ಮವ್ವ..." ಎಂದ.

ಬಾಗಿಲು ತೆರೆದು ವ್ಯಾಯಾಮ ಮಾಡಿಸುವ ಹೆಂಗಸು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಗುಟೆನ್ ಮೊರ್ಗೆನ್ ಎಂದು ದೊಡ್ಡ ದನಿಯಲ್ಲಿ ಶುಭೋದಯ ಹೇಳಿ, ಹೊದಿಕೆ ಸರಿಸಿ, ಅಪ್ಪನ ಕಾಲು ಎತ್ತತೊಡಗಿದಳು. ಅಪ್ಪ ಬಾಯಿ ಮುಚ್ಚಿದ.

"ಮುಂದಿನ ಸಲ ಬಂದಾಗ ಹೇಳುವಂತಿ," ಎಂದು ಚೇತನ ಕಾಲುಮುಟ್ಟಿ ಹೊರಟ. ಹೊರಗೆ ಕಾರಿಡಾರಿನ ತುದಿಯಲ್ಲಿ ನಿಂತು ಒಮ್ಮೆ ಹಿಂದಿರುಗೋಣವೇ ಎಂದುಕೊಂಡ. ಗೇಟಿನಲ್ಲಿ ಎಲ್ಲರೂ ತನಗಾಗಿ ಕಾಯುತ್ತಿರುತ್ತಾರೆ ಎಂದು ಮೆಟ್ಟಿಲಿಳಿದ.

ಆ ಸರದಿಯಲ್ಲಿ ಅವನ ವಿಮಾನ ಮತ್ತೆ ಸ್ಟುಟ್‌ಗಾರ್ಟಿಗೆ ಬರಲಿಲ್ಲ. ಸ್ಪೇನ್, ಬಹ್ರೇನ್, ಜಿಬೂಟಿ ಎಂದು ಅಲೆದು, ಸರದಿ ಮುಗಿಸಿ, ಬದಲಿ ಸ್ಕ್ವಾಡ್ರನ್ ಬಂದ ಮೇಲೆ ಅವರು ಟೆಕ್ಸಾಸ್‌ಗೆ ಮರಳಿದರು. ಅಪ್ಪ ಸುಧಾರಿಸಿಕೊಳ್ಳುತ್ತಿದ್ದ. ವಿಡಿಯೊ ಕಾಲಿನಲ್ಲಿ ಹೊಸ ಮೀಸೆ ತೋರಿಸಿದ. ನಾಗಪುರದ ಮಾತು ಫೋನಿನಲ್ಲಿ ಆಡುವಂಥದ್ದಲ್ಲ ಎಂದು ಇಬ್ಬರೂ ಆಡಲಿಲ್ಲ. ಚೇತನ ಗೋದಾಮಿನಲ್ಲಿ ರಜೆ ಹೊಂದಿಸಿಕೊಂಡು ಟಿಕೆಟ್ ತೆಗೆಸಿದ್ದ. ಹೊರಡಲು ಇನ್ನೂ ಒಂದು ವಾರವಿದ್ದಾಗ ಅಪ್ಪನಿಗೆ ಇನ್ನೊಂದು ಸಲ ಲಕ್ವ ಹೊಡೆಯಿತು. ಪವಿ ಫೋನಿನಲ್ಲಿ ಬಹಳ ಹೇಳಲಿಲ್ಲ. "ಅಪ್ಪ ಹ್ವಾದ್ನೋ ಚೇತು," ಎಂದಳು. ಅವನು ಆಗ ಗೋದಾಮಿನ ನಡುವೆ ಟ್ರಾಲಿಗಳ ಗದ್ದಲದಲ್ಲಿ ನಿಂತಿದ್ದ. ಕೇಳಿಸಲಿಲ್ಲ ಎಂಬಂತೆ ಇನ್ನೊಮ್ಮೆ ಹೇಳಿಸಿದ.

ಅವ್ವನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅಪ್ಪ ಹಿಂದೆ ಯಾವಾಗಲೋ ಪವಿಗೆ ಹೇಳಿದ್ದ. ಹಾಗಾಗಿ ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿನ ವಿಮಾನದಲ್ಲಿ ಒಯ್ಯುವುದೆಂದಾಯಿತು. ಚೇತನ ಡಲ್ಲಾಸ್‌ನಿಂದ ನೇರ ಫ್ರಾಂಕ್‌ಫರ್ಟ್‌ಗೆ ಬಂದಿಳಿದ. ದಿಲೀಪ್, ಪವಿ, ಸಿಂಚನಾ ಕಾರ್ಗೊ ಕಟ್ಟಡದ ಹತ್ತಿರ ಶವವಾಹನದ ಹಿಂದೆ ನಿಂತಿದ್ದರು. ಪೆಟ್ಟಿಗೆಯ ಹೊರಗೆ ಗೋಣಿಬಟ್ಟೆಯ ಹೊದಿಕೆ, ಅದರ ಮೇಲೆ ಅಂಟಿಸಿದ ಚೀಟಿ. ಮುಖ ನೋಡುವ ಹಾಗಿರಲಿಲ್ಲ. ಪವಿ ವಿಭೂತಿಯ ಗಟ್ಟಿಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ತಿಕ್ಕಿದಳು, ಚೇತನನ ಕೈಗೂ ಕೊಟ್ಟಳು. ಆಮೇಲೆ ಫೋರ್ಕ್‌ಲಿಫ್ಟ್ ಬಂದು ಪೆಟ್ಟಿಗೆಯನ್ನು ಎತ್ತಿಕೊಂಡು ಶಟರಿನ ಒಳಗೆ ಹೋಯಿತು.

ಚೇತನ ಅದರ ಹಿಂದೆಯೇ ನಡೆದ. ಕಾವಲಿನವನು ಅಡ್ಡ ಬಂದು, ಒಳಗೆ ಸಿಬ್ಬಂದಿಗೆ ಮಾತ್ರ ಪ್ರವೇಶ ಎಂದ.

"ನಾನೂ ಇದೇ ಕೆಲಸದವನು," ಎಂದು ಚೇತನ ಇಂಗ್ಲಿಷಿನಲ್ಲಿ ಹೇಳಿದ. "ಐದು ನಿಮಿಷ. ಕಟ್ಟುವಾಗ ಪಕ್ಕದಲ್ಲಿ ನಿಂತಿರ್ತೇನೆ, ಅಷ್ಟೇ."

ಆಗುವುದಿಲ್ಲ ಎಂದು ಅವನು ಮರ್ಯಾದೆಯಿಂದಲೇ ಹೇಳಿದ. ಪವಿ ತಮ್ಮನ ತೋಳು ಹಿಡಿದು ಎಳೆದಳು. "ಬಾರೋ, ಅವರ ರೂಲ್ಸ್ ಅದಾವ. ನಮ್ಮ ಮಾತು ಕೇಳಂಗಿಲ್ಲ ಅವ್ರು."

ಶಟರಿನೊಳಗಿಂದ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಒಬ್ಬ ನಡುವಯಸ್ಸಿನವನು ಹೊರಬಂದ. "ಕನ್ನಡದೋರೇನ್ರಿ?" ಎಂದ. "ನಮ್ದು ರಾಯಚೂರ್ರಿ. ಇಬ್ರಾರ್ ಅಂತ. ಇಲ್ಲಿ ಲೋಡಿಂಗ್ ಶಿಫ್ಟ್ ನಂದೇ. ಯಾರ್ರಿ ಇವರು?"

"ನಮ್ಮಪ್ಪ," ಚೇತನ ಅಂದ.

ಇಬ್ರಾರ್ ತಲೆಯ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನೀವು ಚಿಂತಿ ಮಾಡಬ್ಯಾಡ್ರಿ. ನಾನೇ ನಿಂತು ಹಾಕಸ್ತೀನಿ."

"ತಲಿ ಮುಂದಿನ ಕಡೀಗೆ ಬರಬೇಕು," ಚೇತನ ಅವಸರದಲ್ಲಿ ಹೇಳತೊಡಗಿದ. "ಮ್ಯಾಲ ಏನೂ ಹೇರಬ್ಯಾಡ್ರಿ. ಪಟ್ಟಿ ಎರಡೂ ಕಡಿಂದ ಹಾಕ್ರಿ, ಎಳದ ಮ್ಯಾಲ ಇನ್ನೊಮ್ಮಿ ಕೈಯಿಂದ ಅಲ್ಲಾಡಿಸಿ ನೋಡ್ರಿ. ಇಳಿವಾಗ ಬ್ರೇಕ್ ಹಾಕಿದ್ರ ಮುಂದಕ್ಕ..." ಅವನಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆಯಿತು. "ನಿಮಗ ಗೊತ್ತಿರ್ತೈತಿ. ಮಾಫ್ ಮಾಡ್ರಿ."

"ಇಲ್ರಿ ಸರ್, ಹೇಳ್ರಿ," ಇಬ್ರಾರ್ ಅಲ್ಲಾಡದೆ ನಿಂತಿದ್ದ. "ಎಲ್ಲಾ ಹೇಳ್ರಿ. ಕೇಳ್ತೀನಿ."

ಚೇತನ ಎಲ್ಲ ಹೇಳಿದ. ಇಬ್ರಾರ್ ಪ್ರತಿಯೊಂದಕ್ಕೂ ಹೂಂ ಎಂದ. ಮುಗಿದ ಮೇಲೆ ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಹೊರಬಂದು, "ಆತ್ರಿ. ಬಾಜೂಕ ಏನೂ ಇಟ್ಟಿಲ್ಲ. ನಾ ಸಲಾಂ ಮಾಡಿ ಬಂದೀನಿ," ಎಂದ. ಚೇತನ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಬೆಂಗಳೂರಿಗೆ ಅಕ್ಕ ತಮ್ಮ ಇಬ್ಬರೇ ಹೊರಟರು. ದಿಲೀಪ್ ಮಗಳನ್ನು ಕರೆದುಕೊಂಡು ಎರಡು ದಿನ ಬಿಟ್ಟು ಬರುವವನಿದ್ದ. ಮೂರು ಸೀಟಿನ ಸಾಲಿನಲ್ಲಿ ಕಿಟಕಿಯ ಕಡೆ ಯಾರೋ ಜರ್ಮನ್ ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಗಲೇ ನಿದ್ದೆ ಹೋಗಿದ್ದ. ಪವಿ ನಡುವಿನಲ್ಲಿ ಕೂತು ಸೆರಗು ಹೊದ್ದುಕೊಂಡಳು. ಗಗನಸಖಿ ತಂದ ನೀರು ಅವಳು ಮುಟ್ಟಲಿಲ್ಲ.

ವಿಮಾನ ರನ್‌ವೇಗೆ ತಿರುಗಿತು, ಓಡಿತು, ಮೂತಿ ಎತ್ತಿತು. ಚೇತನ ಉಸಿರು ಬಿಗಿಹಿಡಿದು, ಪಾದಗಳನ್ನು ನೆಲಕ್ಕೆ ಒತ್ತಿಕೊಂಡು ಕೂತಿದ್ದ. ಕೆಳಗೆ ವಿಮಾನದ ಹೊಟ್ಟೆಯಲ್ಲಿ ಎಲ್ಲೋ ಪೆಟ್ಟಿಗೆ ಒಂದಿಷ್ಟೇ ಸರಿದರೂ ತನಗೆ ಗೊತ್ತಾಗುತ್ತದೆ ಎಂಬಂತೆ.

"ಯಾಕೋ ಹಂಗ ಕುಂತಿ? ಏನ್ ಕೇಳಾಕತ್ತೀ?" ಪವಿ ಕೇಳಿದಳು.

"ಏನಿಲ್ಲಕ್ಕಾ."

ಅವಳು ಅವನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಕೆಳಗೆ ಏನೂ ಸರಿಯಲಿಲ್ಲ. ವಿಮಾನ ಮೋಡದೊಳಗೆ ಹೋಯಿತು.